ನಮ್ಮ ಮಾವ ಮನೆ ಆರಿಸಿದ್ದು

ನನ್ನ ಸೋದರಮಾವ ತನ್ನ ನೆರಳನ್ನೂ ನಂಬುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ. ನೆರಳನ್ನು ಅವನು ನಂಬುತ್ತಿದ್ದ. ಮಧ್ಯಾಹ್ನ ಹನ್ನೆರಡು ಗಂಟೆಗೆ ಅದು ಎಲ್ಲಿಗೆ ಹೋಗಿ ಬರುತ್ತದೆ ಎಂಬುದರ ಬಗ್ಗೆ ಮಾತ್ರ ಅವನಿಗೆ ಸ್ವಲ್ಪ ಅನುಮಾನವಿತ್ತು.

ಉಳಿದಂತೆ ಅವನ ಅನುಮಾನಕ್ಕೆ ಒಳಗಾಗದ ವಸ್ತು ಈ ಪ್ರಪಂಚದಲ್ಲಿ ಇರಲಿಲ್ಲ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ನೊಣವಿನಕೆರೆ ಎಂದು ದಪ್ಪ ಅಕ್ಷರದ ಬೋರ್ಡು ಹಾಕಿಕೊಂಡು ನಿಂತ ಬಸ್ಸಿಗೆ ಅವನು ಸುಮ್ಮನೆ ಹತ್ತಿದವನಲ್ಲ. ಮೊದಲು ಕಂಡಕ್ಟರನ್ನು ಕೇಳುತ್ತಿದ್ದ, ಆಮೇಲೆ ಡ್ರೈವರನ್ನು. ಅವರಿಬ್ಬರೂ ಒಂದೇ ಬಸ್ಸಿನವರು, ಮೊದಲೇ ಮಾತಾಡಿಕೊಂಡಿರಬಹುದು ಎಂದು ಕಿಟಕಿ ಪಕ್ಕ ಕೂತ ಯಾರಾದರೂ ಮುದುಕರನ್ನು ಕೇಳುತ್ತಿದ್ದ. ಮೂವರೂ ನೊಣವಿನಕೆರೆ ಎಂದರೆ, "ಎಲ್ಲಾರೂ ಒಂದೇ ತರ ಹೇಳ್ತಾವ್ರಲ್ಲ" ಎಂದು ಹುಬ್ಬು ಗಂಟಿಕ್ಕುತ್ತಿದ್ದ. ಅಷ್ಟರಲ್ಲಿ ಬಸ್ಸು ಹೊರಟುಬಿಡುತ್ತಿತ್ತು. ಅದು ತಿರುಗಿದ ದಿಕ್ಕನ್ನು ನೋಡಿ, ಜೊತೆಗಿದ್ದ ನನಗೆ, "ಹೌದು ಕಣೇ, ನೊಣವಿನಕೆರೇದೇ" ಎಂದು ಖಾತರಿ ಮಾಡಿಕೊಂಡು ಸಮಾಧಾನವಾಗಿ ಮುಂದಿನ ಬಸ್ಸಿಗೆ ಕಾಯುತ್ತಿದ್ದ.

ಅವನ ಕಸುಬೂ ಇದಕ್ಕೆ ತಕ್ಕದ್ದೇ ಆಗಿತ್ತು. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಅವನು ಕೊಬ್ಬರಿ ಆರಿಸುವವನು. ನಮ್ಮ ಸೀಮೆಯ ಕೊಬ್ಬರಿ ಹೇಗಾಗುತ್ತದೆ ಗೊತ್ತಲ್ಲ? ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಸುಲಿದು, ಚಿಪ್ಪು ಒಡೆದು ತೆಗೆದರೆ ಹೊರಗಿನಿಂದ ಎಲ್ಲವೂ ಒಂದೇ ಥರ. ಯಾವುದರ ಹೊಟ್ಟೆಯಲ್ಲಿ ಇನ್ನೂ ಪಸೆ ಇದೆ, ಯಾವುದು ಒಳಗೇ ಕೊಳೆತಿದೆ ಎಂದು ಹೇಳುವುದು ಮಾವನ ಕೆಲಸ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ, ಬೆರಳ ಗಣ್ಣಿನಿಂದ ಕುಟ್ಟುತ್ತಿದ್ದ, ಮೂಸುತ್ತಿದ್ದ. ಚೀಲ ಬಂದರೆ ಮೇಲಿನದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಭುಜದವರೆಗೆ ತೋಳು ಇಳಿಸಿ ತಳದಿಂದ ಒಂದನ್ನು ಎಳೆಯುತ್ತಿದ್ದ. "ಚೀಲದ ಬಾಯಲ್ಲಿರೋದು ಕೊಬ್ಬರಿ ಅಲ್ಲ ಕಣೇ, ಜಾಹೀರಾತು" ಎನ್ನುತ್ತಿದ್ದ. ಮಂಡಿಯಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ತೊಂದರೆ ಏನೆಂದರೆ, ಮಂಡಿಯಿಂದ ಹೊರಗೆ ಬಂದ ಮೇಲೂ ಅವನ ತೋಳು ಚೀಲದಿಂದ ಹೊರಗೆ ಬರುತ್ತಿರಲಿಲ್ಲ.

ಇಂಥವನ ಕೈಗೆ ನಮ್ಮಮ್ಮ ಮನೆ ಆರಿಸುವ ಕೆಲಸ ಕೊಟ್ಟಳು.

ಅಮ್ಮನ ಸಂಗತಿಯನ್ನೂ ಹೇಳಬೇಕು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಮಾಯಸಂದ್ರ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದು ವರ್ಗವಾಗುತ್ತ ಕೊನೆಗೆ ತಿಪಟೂರಿಗೆ ಬಂದು ನಿಲ್ಲುವ ಹೊತ್ತಿಗೆ ಅಮ್ಮ ಒಂಬತ್ತು ಬಾಡಿಗೆ ಮನೆಗಳ ಒಲೆ ಊದಿದ್ದಳು. ಒಂದು ಮನೆಯ ಓನರಮ್ಮ ಬಾವಿಯ ಹಗ್ಗವನ್ನು ತನ್ನ ಕೋಣೆಯಲ್ಲಿ ಬೀಗ ಹಾಕಿ ಇಡುತ್ತಿದ್ದಳು. ಇನ್ನೊಂದರಲ್ಲಿ ಒಗ್ಗರಣೆಯ ಸದ್ದು ಜೋರಾಯಿತೆಂದು ಆಚೆಯಿಂದ ಗೋಡೆ ಕುಟ್ಟುತ್ತಿದ್ದರು. ಈಗ ಒಂಬತ್ತನೆಯ ಮನೆಯ ಯಜಮಾನರು, ಮಗನಿಗೆ ಮದುವೆ ಗೊತ್ತಾಗಿದೆ, ಶಿವರಾತ್ರಿಯೊಳಗೆ ಖಾಲಿ ಮಾಡಿಕೊಡಿ ಎಂದಿದ್ದರು. ಅಮ್ಮ ಅಪ್ಪನ ಎದುರು ಕೂತು ಒಂದೇ ಮಾತು ಹೇಳಿದಳು. "ಇನ್ನೊಂದ್ಸಲ ಗಂಟು ಕಟ್ತೀನಿ. ಅದು ನನ್ನ ಸ್ವಂತ ಮನೆಗೆ. ಹತ್ತನೇ ಬಾಡಿಗೆ ಮನೆಗೆ ನಾನು ಬರಲ್ಲ, ಬೇಕಾದ್ರೆ ನೀವು ಹೋಗಿ."

ಹಣ ಹೇಗೋ ಹೊಂದಿತು, ಆ ಕಥೆ ಇಲ್ಲಿ ಬೇಡ. ಆದರೆ ಅಮ್ಮನಿಗೆ ಇನ್ನೊಂದು ಹಟವಿತ್ತು. ತನ್ನ ಅಣ್ಣ ಹೂಂ ಅನ್ನದೆ ಅವಳು ಯಾವ ಮನೆಯ ಹೊಸಿಲನ್ನೂ ದಾಟುವವಳಲ್ಲ. ನಮ್ಮ ಅಜ್ಜ ತೀರಿಕೊಂಡಾಗ ಅಮ್ಮನಿಗೆ ಏಳು ವರ್ಷ, ಮಾವನಿಗೆ ಹದಿನೇಳು. ಅವನೇ ಸಾಕಿದ, ಓದಿಸಿದ, ಮದುವೆ ಮಾಡಿದ. ತಾನು ಮಾತ್ರ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ನಂಗೆ ಹೆಣ್ಣು ಕೊಡ್ತೀನಿ ಅಂತ ಬಂದೋನ ಬುದ್ಧಿ ಮ್ಯಾಲೇ ಅನುಮಾನ ಬಂತು" ಎನ್ನುತ್ತಿದ್ದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮಂಡಿಯ ಹಿಂದಿನ ಒಂದು ಕೋಣೆಯಲ್ಲಿ ಅವನೊಬ್ಬನೇ ಇದ್ದ.

ಆಗ ತಿಪಟೂರು ತನ್ನ ಸುತ್ತಲಿನ ತೆಂಗಿನ ತೋಟಗಳನ್ನು ಒಂದೊಂದಾಗಿ ತಿನ್ನುತ್ತ ಎರಡು ಕಡೆ ಬೆಳೆಯುತ್ತಿತ್ತು. ರೈಲ್ವೆ ಗೇಟಿನ ಆಚೆ ಒಂದು ಹೊಸ ಬಡಾವಣೆ. ಅಲ್ಲಿನ ರಸ್ತೆಗಳೆಲ್ಲ ನೇರ, ಮನೆಗಳಿಗೆಲ್ಲ ಕಬ್ಬಿಣದ ಗ್ರಿಲ್ಲು, ಗೇಟಿನ ಮೇಲೆ ಯಜಮಾನರ ಹೆಸರು. ಇನ್ನೊಂದು, ಕೆರೆಯ ನೀರು ಹೆಚ್ಚಾದಾಗ ಹರಿದುಹೋಗುವ ಕೋಡಿಯ ಪಕ್ಕದ್ದು. ಅದನ್ನು ಬಡಾವಣೆ ಎಂದು ಕರೆಯುವುದು ಮರ್ಯಾದೆಗೆ ಅಷ್ಟೇ. ಮಂಗಳೂರು ಹೆಂಚಿನ ಇಪ್ಪತ್ತು ಮೂವತ್ತು ಮನೆ, ಪ್ರತಿ ಮನೆಯ ಹಿಂದೆ ನಾಲ್ಕು ತೆಂಗಿನ ಮರ, ಬೀದಿಯ ಮಧ್ಯೆ ಒಂದು ಹುಲ್ಲಿನ ಮೆದೆ. ಎರಡೂ ಕಡೆ ನಮ್ಮ ಅಳತೆಗೆ ತಕ್ಕ ಒಂದೊಂದು ಮನೆ ಮಾರಾಟಕ್ಕಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ಭಾನುವಾರ ಬೆಳಗ್ಗೆ ಹೋಗಿ ಎರಡನ್ನೂ ನೋಡಿ, ಮಧ್ಯಾಹ್ನ ಊಟಕ್ಕೆ ಬಂದು, ಸಂಜೆ ಮುಂಗಡ ಕೊಡುತ್ತಿದ್ದರು. ಮಾವ ಮೂರು ತಿಂಗಳು ತೆಗೆದುಕೊಂಡ.

"ಒಂದು ಸಾಕ್ಷಿ ಬೇಕು ಕಣೇ" ಎಂದು ನನ್ನನ್ನು ಜೊತೆಗೆ ಹಚ್ಚಿಕೊಂಡ. ನನಗೆ ಇಪ್ಪತ್ತೆರಡು ವರ್ಷ. ಟೈಪ್‌ರೈಟಿಂಗ್ ಸೀನಿಯರ್ ಪಾಸು ಮಾಡಿ, ಕಂಡ ಕಂಡ ಕಚೇರಿಗೆಲ್ಲ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದೆ. ಅಪ್ಪನನ್ನು ಯಾಕೆ ಕರೆದುಕೊಂಡು ಹೋಗಬಾರದು ಎಂದೆ. "ಮೇಷ್ಟ್ರು ಬ್ಯಾಡ. ಅವ್ರಿಗೆ ಎಲ್ಲಾ ಮಕ್ಕಳೂ ಪಾಸು" ಎಂದ.

ಮೊದಲು ಗೇಟಿನಾಚೆಯ ಮನೆಗೆ ಹೋದೆವು. ಮಾರುವವರು ಒಬ್ಬ ಅಧಿಕಾರಿ, ನಗುಮುಖದವರು. ನಾವು ಗೇಟು ತೆರೆಯುವ ಮೊದಲೇ ಅವರ ಹೆಂಡತಿ ಚಕ್ಕುಲಿ, ಕಾಫಿ ತಂದಿಟ್ಟರು. ಮಾವ ಕಾಫಿ ಮುಟ್ಟದೆ ಗೋಡೆಯ ಹತ್ತಿರ ಹೋಗಿ ಬೆರಳ ಗಣ್ಣಿನಿಂದ ಕುಟ್ಟಿದ. ಕಿವಿ ಇಟ್ಟ. ಮತ್ತೆ ಕುಟ್ಟಿದ. ಆಮೇಲೆ ನನ್ನ ಕಡೆ ತಿರುಗಿ ಗಂಭೀರವಾಗಿ, "ಒಳಗೆ ನೀರು ಅಲ್ಲಾಡ್ತಾ ಐತೆ" ಎಂದ.

"ಸಾರ್, ಅದು ಮೇಲಿನ ಟ್ಯಾಂಕಿನ ಪೈಪು" ಎಂದರು ಅಧಿಕಾರಿ.

"ಹಂಗಂತ ನೀವು ಹೇಳ್ತೀರಿ" ಎಂದ ಮಾವ. ಆಮೇಲೆ ಕೇಳಿದ, "ಇಷ್ಟು ಚಂದದ ಮನೆ ಯಾಕೆ ಮಾರ್ತೀರಿ?"

ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿದೆ ಎಂದರು ಅವರು. ಮಾವ ಮರುದಿನವೇ ಅವರ ಕಚೇರಿಗೆ ಹೋಗಿ ಜವಾನನಿಂದ ಹಿಡಿದು ಹೆಡ್ ಕ್ಲಾರ್ಕ್‌ವರೆಗೆ ವಿಚಾರಿಸಿ ಬಂದ. ಟ್ರಾನ್ಸ್‌ಫರ್ ಆಗಿದ್ದು ನಿಜವಾಗಿತ್ತು. ಅವನ ಅನುಮಾನ ಎರಡರಷ್ಟಾಯಿತು. "ನಾನು ಬಂದು ವಿಚಾರಿಸ್ತೀನಿ ಅಂತ ಮೊದ್ಲೇ ಗೊತ್ತಿತ್ತು ಕಣೇ ಆ ಮನುಷ್ಯಂಗೆ. ಅದಕ್ಕೇ ನಿಜ ಹೇಳವ್ನೆ."

ಕೋಡಿಯ ಪಕ್ಕದ ಮನೆಯವರು ಇದಕ್ಕೆ ತದ್ವಿರುದ್ಧ. ನಿವೃತ್ತ ಕಂಪೌಂಡರ್. ಮಾಯಸಂದ್ರದ ಮಗಳ ಮನೆಗೆ ಹೋಗಿ ಇರುವವರಿದ್ದರು. ಕಾಫಿಯೂ ಇಲ್ಲ, ನಗುವೂ ಇಲ್ಲ. "ಅಡುಗೆಮನೇಲಿ ಒಂದು ಕಡೆ, ನಡುಮನೇಲಿ ಒಂದು ಕಡೆ ಸೋರುತ್ತೆ. ಬಾವಿ ನೀರು ಬೇಸಿಗೇಲಿ ತಳ ಹತ್ತುತ್ತೆ. ಇಷ್ಟ ಇದ್ರೆ ತಗಳಿ" ಎಂದು ಪೇಪರು ಓದತೊಡಗಿದರು. ನನಗೆ ಅವರ ಮೇಲೆ ಗೌರವ ಬಂತು. ಮಾವನಿಗೆ ಬಂದದ್ದೇನು ಎಂದು ಬೇರೆ ಹೇಳಬೇಕೆ? ಹೊರಗೆ ಬಂದವನೇ, "ಎರಡು ಕಡೆ ಸೋರುತ್ತೆ ಅಂತ ಅವ್ನೇ ಒಪ್ಪಿಕೊಂಡ ಅಂದ್ರೆ ಆರು ಕಡೆಯಾದ್ರೂ ಸೋರಬೇಕು" ಎಂದ. ಮುಂದಿನ ವಾರ ಬೀದಿಯವರಿಗೆ ಕಾಣದಂತೆ ಹಿತ್ತಿಲ ಕಡೆ ಏಣಿ ಹಾಕಿ, ಮಾಡಿನ ಮೇಲೆ ಹತ್ತಿ, ನಲವತ್ತು ಕೊಡ ನೀರು ಸುರಿದ. ಕೊಡ ಸೇದಿ ಕೊಟ್ಟವಳು ಸಾಕ್ಷಿ, ಅಂದರೆ ನಾನು. ಕಂಪೌಂಡರ್ ಒಳಗೆ ಛತ್ರಿ ಬಿಚ್ಚಿಕೊಂಡು ಪೇಪರು ಓದುತ್ತಿದ್ದರು. ಸೋರಿದ್ದು ಸರಿಯಾಗಿ ಎರಡೇ ಕಡೆ. ಆ ದಿನ ಮಾವ ಊಟ ಮಾಡಲಿಲ್ಲ.

ಮನೆ ನೋಡಿಯಾಯಿತು, ಇನ್ನು ನೆರೆಹೊರೆ ನೋಡಬೇಕಲ್ಲ? ಇದಕ್ಕೆ ಮಾವನದೇ ಒಂದು ಕ್ರಮವಿತ್ತು. ಆಯಾ ಬಡಾವಣೆಯವರನ್ನು ಅವರ ಬಡಾವಣೆಯ ಬಗ್ಗೆ ಕೇಳಲೇಬಾರದು. ಗೇಟಿನಾಚೆಯವರನ್ನು ಕೋಡಿಯ ಬಗ್ಗೆ ಕೇಳಬೇಕು, ಕೋಡಿಯವರನ್ನು ಗೇಟಿನ ಬಗ್ಗೆ. ಮನೆ ಕೊಳ್ಳಲು ಬಂದವರೆಂಬ ಗುಟ್ಟು ಯಾರಿಗೂ ತಿಳಿಯಬಾರದು. "ತಿಳಿದ್ರೆ ಎಲ್ಲಾರೂ ಒಳ್ಳೇವರಾಗ್ಬುಡ್ತಾರೆ" ಎನ್ನುತ್ತಿದ್ದ. ಗೇಟಿನಾಚೆಯ ಒಬ್ಬರು, ಕೋಡಿಯಲ್ಲಿ ಸೊಳ್ಳೆ ಎಂದರು. ಕೋಡಿಯ ಟೀ ಅಂಗಡಿಯಲ್ಲಿ ಒಬ್ಬರು, ಗೇಟಿನಾಚೆಯವರ ಮನೆಗೆ ಹೋದರೆ ಕುಡಿಯಲು ನೀರು ಬೇಕಾ ಎಂದು ಕೇಳುವುದಿಲ್ಲ, ನಿಮ್ಮ ಕೆಲಸ ಎಲ್ಲಿ ಎಂದು ಕೇಳುತ್ತಾರೆ ಎಂದರು. ಎರಡೂ ಕಡೆ ಬಟ್ಟೆ ಒಗೆಯುವ ಅಗಸರವನೊಬ್ಬನನ್ನು ಹುಡುಕಿ ಕೇಳಿದಾಗ ಅವನು, "ಎರಡೂ ಕಡೆ ಕೊಳೆ ಒಂದೇ ಸ್ವಾಮಿ, ಅವ್ರು ಇಸ್ತ್ರಿ ಮಾಡಿಸ್ತಾರೆ, ಇವ್ರು ಮಾಡ್ಸಲ್ಲ" ಎಂದ. ಮೂರು ತಿಂಗಳಲ್ಲಿ ನಾನು ಕೇಳಿದ ಅತಿ ಉಪಯುಕ್ತವಾದ ಮಾತು ಅದು. ಮಾವ ಅದನ್ನೂ ನಂಬಲಿಲ್ಲ. ಅವನಿಗೂ ಇಸ್ತ್ರಿಯಲ್ಲಿ ಲಾಭವಿದೆಯಂತೆ.

ಈ ಸಾಕ್ಷಿ ಕೆಲಸ ಮಾಡಿ ಮಾಡಿ ಕಾಯಿಲೆ ನನಗೂ ಅಂಟಿತು. ಅದೇ ದಿನಗಳಲ್ಲಿ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರು. ಹುಡುಗ ಬಾಗಿಲ ಪಕ್ಕದ ಕತ್ತಲಲ್ಲಿ ಕೂತಿದ್ದ. "ಸ್ವಲ್ಪ ಬೆಳಕಿಗೆ ಬಂದು ಕೂರ್ತೀರಾ?" ಎಂದುಬಿಟ್ಟೆ. ಆಮೇಲೆ, ಇದಕ್ಕೆ ಮುಂಚೆ ಎಷ್ಟು ಕಡೆ ನೋಡಿದ್ದೀರಿ, ಅವರೆಲ್ಲ ಯಾಕೆ ಬೇಡವೆಂದರು ಎಂದು ಕೇಳಿದೆ. ಆ ಸಂಬಂಧ ಮುಂದುವರಿಯಲಿಲ್ಲ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರೆ ಮಾವ ಮಾತ್ರ, "ಸರಿಯಾಗೇ ಕೇಳವ್ಳೆ ಬುಡು" ಎಂದು ನನ್ನ ಬೆನ್ನು ತಟ್ಟಿದ.

ಇಷ್ಟರಲ್ಲಿ ಶಿವರಾತ್ರಿಗೆ ಒಂದು ತಿಂಗಳೂ ಉಳಿದಿರಲಿಲ್ಲ. ಅಮ್ಮ ಆಗಲೇ ಹಿತ್ತಾಳೆ ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಇಡತೊಡಗಿದ್ದಳು. ದಿನಾ ಸಂಜೆ ಮಾವ ಬಂದಾಗ ಅವನ ಮುಖ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಆಗ ಮಾವನಿಗೆ ಕೊನೆಯ ಪರೀಕ್ಷೆ ಹೊಳೆಯಿತು.

ನೊಣವಿನಕೆರೆಯಲ್ಲಿದ್ದ ತನ್ನ ಪಾಲಿನ ತುಂಡು ತೋಟದಿಂದ ಒಂದು ಎತ್ತಿನ ಗಾಡಿ ತುಂಬ ಕಾಯಿ ತರಿಸಿದ. ಸಿಪ್ಪೆ ಸಮೇತವಾದ ಇನ್ನೂರು ಕಾಯಿ. ನೂರನ್ನು ಗೇಟಿನಾಚೆ ಅಧಿಕಾರಿಗಳ ಮನೆಯ ಎದುರಿನ ಖಾಲಿ ಸೈಟಿನಲ್ಲಿ ಗುಡ್ಡೆ ಹಾಕಿಸಿದ. ಇನ್ನು ನೂರನ್ನು ಕೋಡಿಯಲ್ಲಿ ಹುಲ್ಲಿನ ಮೆದೆಯ ಪಕ್ಕ. ಕಾವಲಿಲ್ಲ, ಬೇಲಿಯಿಲ್ಲ. ಹತ್ತು ದಿನ ಹಾಗೇ ಬಿಡುವುದು, ದಿನಾ ಬೆಳಗ್ಗೆ ಹೋಗಿ ಎಣಿಸುವುದು. ಯಾವ ಕಡೆ ಹೆಚ್ಚು ಕಾಯಿ ಮಾಯವಾಗುತ್ತದೋ ಆ ಕಡೆ ಹೆಚ್ಚು ಕಳ್ಳರು. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಯಾವುದಿದೆ ಹೇಳಿ? ಅಪ್ಪ ಮೆಲ್ಲಗೆ, "ಭಾವ, ಇದೆಲ್ಲ ಬೇಕಾ?" ಎಂದರು. ಮಾವ, "ಮೇಷ್ಟ್ರೇ, ನೀವು ಪರೀಕ್ಷೆ ಮಾಡದೇ ಮಕ್ಕಳನ್ನ ಪಾಸು ಮಾಡ್ತೀರಾ?" ಎಂದ. ಮಾಡುತ್ತಿದ್ದರು, ಅದು ಬೇರೆ ಮಾತು.

ಎಣಿಸುವಾಗ ಅವನನ್ನು ನೋಡಬೇಕಿತ್ತು. ಕುಕ್ಕರಗಾಲಲ್ಲಿ ಕೂತು, ತುಟಿ ಅಲ್ಲಾಡಿಸುತ್ತ, ಒಂದೊಂದನ್ನೂ ಮುಟ್ಟಿ ಎಣಿಸುತ್ತಿದ್ದ. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಕೆನ್ನೆ ಒಳಕ್ಕೆ ಹೋಗಿ, ಹುಬ್ಬು ಜೋತುಬಿದ್ದು, ಕಣ್ಣು ಎಲ್ಲೋ ನೆಟ್ಟಿರುತ್ತಿತ್ತು. ಅವನು ಅನುಮಾನ ಪಡುವಾಗ ಮುಖ ಯಾವಾಗಲೂ ಹಾಗೇ ಆಗುತ್ತಿತ್ತು. ನಾನು ಮನೆಗೆ ಬಂದು ಅದೇ ಮುಖ ಮಾಡಿ, ಅಡುಗೆಮನೆಯ ಈರುಳ್ಳಿ ಎಣಿಸಿ ತೋರಿಸಿದರೆ ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು, ಮನೆಯ ಚಿಂತೆಯ ನಡುವೆಯೂ.

ಗೇಟಿನಾಚೆ ಮೊದಲ ದಿನ ನೂರು. ಎರಡನೆಯ ದಿನ ನೂರು. ಐದನೆಯ ದಿನವೂ ನೂರು. ಯಾರೋ ಗುಡ್ಡೆಯನ್ನು ಅಂದವಾಗಿ ಜೋಡಿಸಿಯೂ ಇಟ್ಟಿದ್ದರು. ಕೋಡಿಯಲ್ಲಿ ಮೊದಲ ದಿನ ನೂರು. ಎರಡನೆಯ ದಿನ ನೂರಾ ಎರಡು.

ಮಾವ ನನ್ನನ್ನು ನೋಡಿದ. ನಾನು ಮಾವನನ್ನು ನೋಡಿದೆ. "ನಿನ್ನೆ ಸರಿಯಾಗಿ ಎಣಿಸಿದ್ವಾ?" ಎಂದ. ಎಣಿಸಿದ್ದೆವು. ಮೂರನೆಯ ದಿನ ನೂರಾ ಐದು. ಐದನೆಯ ದಿನ ನೂರಾ ಹನ್ನೊಂದು. ಕಾಯಿ ಕಡಿಮೆಯಾಗುವುದಕ್ಕೆ ಅವನಲ್ಲಿ ಸಿದ್ಧಾಂತವಿತ್ತು. ಹೆಚ್ಚಾಗುವುದಕ್ಕೆ ಇರಲಿಲ್ಲ. ರಸ್ತೆಯುದ್ದಕ್ಕೂ ಒಬ್ಬನೇ ಮಾತಾಡಿಕೊಂಡು ಬಂದ. "ಮಾಟ ಗೀಟ ಇರಬಹುದಾ? ಅಲ್ಲ. ಕಾಯಿ ಸೇರಿಸಿ, ನಾಳೆ ಇದರಲ್ಲಿ ನಮ್ದೂ ಪಾಲೈತೆ ಅಂತ ಕೇಸು ಹಾಕ್ತಾರೆ ಕಣೇ. ನೋಡ್ತಿರು."

"ನೂರು ಕಾಯಿಗೆ ಯಾರು ಮಾವ ಕೇಸು ಹಾಕೋರು?"

"ಕಾಯಿಗಲ್ಲ. ಕಾಯಿಂದ ಶುರು ಮಾಡ್ತಾರೆ."

ಹತ್ತನೆಯ ದಿನ ಗೇಟಿನಾಚೆ ಕೊನೆಯ ಎಣಿಕೆ. ಅಂದೂ ನೂರು. ನಾನು ಮನಸ್ಸಿನಲ್ಲೇ ಆ ಮನೆಯ ಮೊಸಾಯಿಕ್ ನೆಲದ ಮೇಲೆ ಓಡಾಡತೊಡಗಿದೆ. ಮಾವ ಮಾತ್ರ ಏಳಲಿಲ್ಲ. ಒಂದೊಂದು ಕಾಯನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡತೊಡಗಿದ. ಹನ್ನೆರಡನ್ನು ಬೇರೆ ಇಟ್ಟ. "ಇವು ನಮ್ಮ ತೋಟದ್ದಲ್ಲ. ನಮ್ಮದು ಗುಂಡು. ಇವು ಉದ್ದ, ತೊಟ್ಟಿನ ಹತ್ರ ಚೂಪು. ಸಂತೇಲಿ ತಂದಿರೋದು" ಎಂದ. ನಗುಮುಖದ ಅಧಿಕಾರಿಗಳನ್ನು ಕರೆದು ಹನ್ನೆರಡನ್ನೂ ತೋರಿಸಿದ. ಅವರ ನಗು ನಿಂತಿತು. ಯಾರೋ ದಿನಾ ಒಂದೆರಡು ಒಯ್ಯುತ್ತಿದ್ದರಂತೆ. ಬಡಾವಣೆಯ ಹೆಸರು ಕೆಟ್ಟು ಮನೆಯ ಮಾರಾಟ ತಪ್ಪಬಾರದೆಂದು ಅವರೇ ತಂದು ತುಂಬಿಸುತ್ತಿದ್ದರಂತೆ. ಮಾವನನ್ನು ಅಷ್ಟು ಸಂತೋಷವಾಗಿ ನಾನು ಯಾವತ್ತೂ ನೋಡಿರಲಿಲ್ಲ. ಜೀವಮಾನವಿಡೀ ಹುಡುಕಿದ ಮೋಸ ಕೊನೆಗೂ ಸಿಕ್ಕಿತ್ತು. ಬರುವ ದಾರಿಯಲ್ಲಿ ನನಗೆ ಮಸಾಲೆ ದೋಸೆ ಕೊಡಿಸಿದ, ಚಟ್ನಿಯನ್ನು ತಾನು ಮೊದಲು ಮೂಸಿ ನೋಡಿ.

ಹಾಗಾದರೆ ಕೋಡಿಯ ಮನೆ ಎಂದು ತೀರ್ಮಾನವಾಯಿತೆ? ಎಲ್ಲಿಂದ ಬಂತು! ಅಲ್ಲಿ ಕಾಯಿ ನೂರಾ ಇಪ್ಪತ್ತಾರಕ್ಕೆ ಏರಿತ್ತು. ಹೆಚ್ಚಿಗೆ ಬಂದವು ಒಂದರಂತೆ ಒಂದಿಲ್ಲ, ಹತ್ತು ಹಿತ್ತಿಲ ಕಾಯಿ. "ಕದಿಯೋನ್ನ ಹಿಡೀಬಹುದು. ಕೊಡೋನ್ನ ಹೆಂಗೆ ಹಿಡಿಯೋದು? ಯಾಕೆ ಕೊಡ್ತಾವ್ರೆ ಅಂತ ಗೊತ್ತಾಗೋವರ್ಗೂ ನಾನು ಹೂಂ ಅನ್ನಲ್ಲ" ಎಂದ. ಅದೇ ಸಂಜೆ ಕಂಪೌಂಡರ್ ಹೇಳಿ ಕಳಿಸಿದರು. ಇನ್ನೊಂದು ಪಾರ್ಟಿ ಬಂದಿದೆ, ಸೋಮವಾರದವರೆಗೆ ಮಾತ್ರ ಕಾಯುತ್ತೇನೆ ಎಂದು. ಸೋಮವಾರಕ್ಕೆ ಎರಡು ದಿನವಿತ್ತು.

ಅಮ್ಮ ಅಣ್ಣನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎದುರಾಡಿದಳು ಅನ್ನುವುದೂ ತಪ್ಪು. ಸುತ್ತಿಟ್ಟ ಪಾತ್ರೆಗಳ ನಡುವೆ ಕೂತೇ, ಸ್ವರ ಏರಿಸದೆ ಹೇಳಿದಳು. "ಅಣ್ಣಾ, ನೀನು ಬ್ಯಾಡ ಅಂದ್ರೆ ನಾನು ಆ ಕಡೆ ತಲೆ ಹಾಕಿ ಮಲಗಲ್ಲ. ಆದ್ರೆ ಬ್ಯಾಡ ಅಂತನಾದ್ರೂ ಅನ್ನು. ಇಪ್ಪತ್ಮೂರು ವರ್ಷ ಬೇರೇರ ಹೊಸಿಲು ಸಾರಿಸಿದೀನಿ. ನಂದು ಅಂತ ಒಂದು ಸಾರಿಸ್ಬೇಕು ಅನ್ನೋ ಆಸೆ ಐತೆ. ಆಗಲ್ಲ ಅಂದ್ರೆ ಹೇಳ್ಬುಡು, ಆಸೆ ಬಿಟ್ಟು ಗಂಟು ಕಟ್ತೀನಿ."

ಮಾವ ಎದ್ದು ಹೋಗುವಾಗ ನನಗೆ, "ನಾಳೆ ಬೇಗ ಬಾ. ಹಾಲು ಕರೆಯೋ ಹೊತ್ತಿಗೆ" ಎಂದ.

ಮಾಘದ ಚಳಿ. ಕೋಡಿಯ ಕಡೆಯಿಂದ ಮಂಜು ಬೀದಿಗೆ ಇಳಿದಿತ್ತು. ಮಾವ ಕಂಬಳಿ ಕೊಪ್ಪೆ ಹಾಕಿಕೊಂಡು ಹುಲ್ಲಿನ ಮೆದೆಗೆ ಒರಗಿ ಕೂತ. ನಾನು ಮೆದೆಯ ಹಿಂದೆ. ಹತ್ತು ನಿಮಿಷವೂ ಆಗಿರಲಿಲ್ಲ, ಎದುರಿನ ಸಾಲಿನ ಒಂದು ಮನೆಯಿಂದ ಒಬ್ಬ ಅಜ್ಜಿ ಹೊರಗೆ ಬಂದಳು. ಆ ಕಡೆ ಈ ಕಡೆ ನೋಡಿ, ಸೆರಗಿನೊಳಗಿನಿಂದ ಎರಡು ಕಾಯಿ ತೆಗೆದು ಮೆಲ್ಲಗೆ ಗುಡ್ಡೆಯ ಮೇಲಿಟ್ಟಳು. ಮಾವ ಚಂಗನೆ ಎದ್ದ.

"ಯಾರವ್ವ ನಿನ್ನ ಕಳಿಸಿದ್ದು?"

ಅಜ್ಜಿ ಎದೆ ಹಿಡಿದುಕೊಂಡಳು. ಕೊಪ್ಪೆಯೊಳಗಿನ ಮುಖ ಅವಳಿಗೆ ಕಾಣಲಿಲ್ಲ. ಹುಲ್ಲು ಕಾಯಲು ಬಂದ ಗಾಡಿಯವನೆಂದು ತಿಳಿದಳೋ ಏನೋ. "ಯಾರೂ ಕಳ್ಸಿಲ್ಲ ಕಣಪ್ಪ. ಮೆಲ್ಲಗೆ ಮಾತಾಡು, ಆ ಮನುಷ್ಯ ಬರೋ ಹೊತ್ತಾಯ್ತು" ಎಂದಳು.

"ಯಾವ ಮನುಷ್ಯ?"

"ದಿನಾ ಬತ್ತಾನಲ್ಲ, ಒಬ್ಬ ಬಡಕಲು. ಜೊತೇಲಿ ಒಂದು ಹೆಣ್ಣುಮಗ. ಬಂದು ಈ ಕಾಯಿ ಎಣಿಸ್ತಾನೆ, ಮತ್ತೆ ಎಣಿಸ್ತಾನೆ. ಎಣಿಸಿ ಎದ್ದಾಗ ಅವನ ಮುಖ ನೋಡಾಕಾಗಲ್ಲ ಕಣಪ್ಪ, ಎಲ್ಲಾ ಕಳ್ಕಂಡೋನ ಹಂಗಿರುತ್ತೆ. ಯಾರ್ದೋ ಕಾಯಿಗೆ ಜವಾಬ್ದಾರಿ ಹೊತ್ತವ್ನೆ, ಲೆಕ್ಕ ಹತ್ತುತಾ ಇಲ್ಲ ಅಂತ ಅಂದ್ಕಂಡ್ವಿ. ಮೊದ್ಲು ನಾನೇ ಎರಡು ಹಾಕ್ದೆ. ಆಮ್ಯಾಲೆ ಪಕ್ಕದ್ಮನೆಯವ್ಳು ಹಾಕಿದ್ಲು. ಈಗ ಬೀದಿಯೋರೆಲ್ಲ ಹಾಕ್ತಾವ್ರೆ."

"ಅವನ್ನೇ ಕೇಳ್ಬಾರ್ದಿತ್ತಾ, ಏನಾಗೈತೆ ಅಂತ?" ಮಾವನ ಸ್ವರ ಇಳಿದಿತ್ತು.

"ಕಷ್ಟದಲ್ಲಿರೋನ್ನ ಏನಂತ ಕೇಳಾದು? ನಾಚ್ಕೋತಾನೆ. ಎಷ್ಟು ಹಾಕಿದ್ರೂ ಅವನ ಮುಖ ಮಾತ್ರ ತಿಳಿಯಾಗ್ಲಿಲ್ಲ. ಇನ್ನೂ ಎರಡು ಹಾಕಿ ನೋಡಾಣ ಅಂತ ಬಂದೆ." ಅಜ್ಜಿ ಸೆರಗು ಹೊದ್ದುಕೊಂಡು ಹೊರಟವಳು ಮತ್ತೆ ತಿರುಗಿ, ಅರ್ಧ ತನಗೇ ಎಂಬಂತೆ ಹೇಳಿದಳು. "ಮನೇಲಿ ಅವನ ಮುಖ ನೋಡೋರು ಯಾರೂ ಇಲ್ವೇನೋ ಪಾಪ."

ಮಾವ ನಿಂತೇ ಇದ್ದ. ನಾನು ಮೆದೆಯ ಹಿಂದಿನಿಂದ ಹೊರಗೆ ಬರಲಿಲ್ಲ. ಬರಲು ಮುಖವಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಮುಖವನ್ನು ನೋಡಿ ನಾನು ನಕ್ಕಿದ್ದೆ, ಈರುಳ್ಳಿ ಎಣಿಸಿ ನಾಲ್ಕು ಜನರನ್ನು ನಗಿಸಿದ್ದೆ. ಈ ಬೀದಿಯವರು ಅದೇ ಮುಖವನ್ನು ಹತ್ತು ದಿನ ನೋಡಿ, ಹೆಸರೂ ಕೇಳದೆ, ತಮ್ಮ ಹಿತ್ತಿಲ ಕಾಯಿ ತಂದು ಇಟ್ಟಿದ್ದರು.

ಅವತ್ತು ಮಾವ ಎಣಿಸಲಿಲ್ಲ. ನೇರವಾಗಿ ಮನೆಗೆ ಬಂದ. ಅಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು.

"ತಗೋ ಪುಟ್ಟವ್ವ" ಎಂದ.

"ಯಾವ್ದಣ್ಣ?"

"ಕೋಡಿದು."

"ಸೋರುತ್ತೆ ಅಂತಿದ್ದೆ?"

"ಸೋರ್ಲಿ ಬುಡು" ಎಂದು ಒಂದು ಲೋಟ ನೀರು ಕುಡಿದು ಮಂಡಿಗೆ ಹೋದ. ಯಾಕೆ, ಏನು ಎಂದು ಒಂದು ಮಾತೂ ಹೇಳಲಿಲ್ಲ.

ಹೇಳಿದವಳು ನಾನು. ಅಡುಗೆಮನೆಯಲ್ಲಿ ಅಮ್ಮನ ಮುಂದೆ ಕೂತು, ಅಭ್ಯಾಸಬಲದಿಂದ ನಗುತ್ತಲೇ ಶುರು ಮಾಡಿದೆ. ಅಜ್ಜಿ ಸೆರಗಿನಲ್ಲಿ ಕಾಯಿ ಮುಚ್ಚಿಕೊಂಡು ಬಂದದ್ದನ್ನು ನಟಿಸಿಯೂ ತೋರಿಸಿದೆ. ಅವಳ ಕೊನೆಯ ಮಾತಿಗೆ ಬಂದಾಗ ನನ್ನಿಂದ ಆಗಲಿಲ್ಲ. ಹೇಗೋ ಹೇಳಿ ಮುಗಿಸಿದೆ.  ಒಲೆಯ ಮೇಲೆ ಸಾರು ಉಕ್ಕಿತು, ಅಮ್ಮ ನೋಡಲಿಲ್ಲ. "ನಾನೂ ನಗ್ತಿದ್ನಲ್ಲೇ" ಎಂದು ಅತ್ತಳು. "ನನ್ನ ಮನೆ, ನನ್ನ ಮನೆ ಅಂತ ಒಂದೇ ಸಮ ಅಂದೆ. ಅಣ್ಣಂಗೆ ಮನೆ ಎಲ್ಲೈತೆ ಅಂತ ಒಂದು ದಿನಾನೂ ಕೇಳ್ಲಿಲ್ಲ."

ಮಧ್ಯಾಹ್ನ ಸೀರೆ ಬದಲಿಸಿ ಹೊರಟಳು. ಅಷ್ಟು ವರ್ಷ ತಿಪಟೂರಿನಲ್ಲಿದ್ದರೂ ಅವಳು ಮಂಡಿಯ ಒಳಗೆ ಕಾಲಿಟ್ಟವಳಲ್ಲ. ಅವತ್ತು ಚೀಲಗಳ ಸಾಲನ್ನು, ಗಂಡಸರ ಗುಂಪನ್ನು ದಾಟಿ ಸೀದಾ ಅಣ್ಣನ ಮುಂದೆ ಹೋಗಿ ನಿಂತಳು. ನಾನು ಹಿಂದೆ ಇದ್ದೆ.

"ಅಣ್ಣಾ, ನಿನ್ನ ಟ್ರಂಕು ಎಲ್ಲೈತೆ? ಹೊಸ ಮನೆಗೆ ಮೊದ್ಲು ಹೋಗೋದು ಅದು. ಆಮ್ಯಾಲೆ ನನ್ನ ಪಾತ್ರೆ."

ಮಾವ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದ. ಏನೋ ಕೇಳಲು ಬಾಯಿ ತೆರೆದ ಹಾಗಿತ್ತು, ಕೇಳಲಿಲ್ಲ. ಹಿಂದಿನ ಕೋಣೆಗೆ ಹೋಗಿ, ಹಸಿರು ಬಣ್ಣ ಎದ್ದುಹೋದ ತಗಡಿನ ಟ್ರಂಕನ್ನು ತಂದು ಅವಳ ಕಾಲ ಹತ್ತಿರ ಇಟ್ಟ. ಅದಕ್ಕೆ ಬೀಗ ಹಾಕಿರಲಿಲ್ಲ.